ಅರವತ್ತೇಳನೆಯದು

ಒಲ್ಶಾಂಕಾ ಜೌಗಿನ ಮೇಲೆ
ಆರು ಸಾಲಿನ ರಸ್ತೆ ಬರಲಿದೆ.
ಬೊಗುಮಿವಾ ಕೈಯೆತ್ತುವ ತನಕ
ನನ್ನ ಜೆಸಿಬಿ ಗುರುಗುಟ್ಟುವಂತಿಲ್ಲ.

ಬೇಲಿಯುದ್ದಕ್ಕೂ ಹೂತ ಬಕೆಟ್ಟುಗಳಲ್ಲಿ
ರಾತ್ರಿ ಬಿದ್ದ ಕಪ್ಪೆಗಳನ್ನು
ಎಣಿಸುತ್ತಾಳೆ, ಹಿಮ ಕರಗಿದ ಚಳಿಗೆ ಬೆರಳು ಕೆಂಪಾಗಿ:
ಅರವತ್ತೇಳು.
ಅಲ್ಲ, ಅರವತ್ತಾರು.
ಒಂದು ಹಾರಿ ನನ್ನ ಬೂಟಿನ ಮೇಲೆ.

ಕಪ್ಪೆಯನ್ನು ತಕ್ಕಡಿಗೆ ಹಾಕುವುದಕ್ಕೂ
ಜ್ಲೋಟಿ ಎಣಿಸುತ್ತಾರಲ್ಲ ಎಂದು
ಮೊದಲ ವಾರ ನಾವೆಲ್ಲ ನಕ್ಕಿದ್ದೆವು.
ಈಗ ಅವಳ ಸೈಕಲ್ಲು ತಡವಾದರೆ
ದಾರಿ ನೋಡುವವನು ನಾನೇ.

ಮೊನ್ನೆ ರಸ್ತೆಯಡಿಗೆ ಕೊಳವೆ ಇಳಿಸಿದೆವು,
ಮೊಣಕಾಲೆತ್ತರದ್ದು, ಒಳಗೆ ಒದ್ದೆ ಮಣ್ಣು ಹಾಸಿ.
ಇತ್ತ ಕಾಡು, ಅತ್ತ ಕೊಳ.
ದಾಟುತ್ತವೆಯೇ ಎಂದರೆ
ಬೊಗುಮಿವಾಳೂ ಭುಜ ಕುಣಿಸುತ್ತಾಳೆ.

ಗಂಟಲು ಮಿಡಿಯುತ್ತ
ಬೂಟಿನ ಮೇಲೆ ಇನ್ನೂ ಕೂತಿದೆ.
ಕೀಲಿ ಕಿಸೆಯಲ್ಲಿದೆ.
ಕೆಮ್ಮು ಬಂದರೂ
ಕೆಮ್ಮದೆ ನಿಂತಿದ್ದೇನೆ.