ನಡಾವಳಿಯಲ್ಲಿ ಬರೆಯದ್ದು

ಆಯವ್ಯಯ ಸಭೆ ಹನ್ನೊಂದಕ್ಕೆಂದು ನೋಟೀಸು ಕಳಿಸಿದವನು ನಾನೇ.
ಶಿಡ್ಲಘಟ್ಟದಲ್ಲಿ ಹನ್ನೊಂದು ಅಂದರೆ
ಗೂಡಿನ ಮಾರ್ಕೆಟ್ಟಲ್ಲಿ ಹರಾಜು ಮುಗಿದು,
ಇಡ್ಲಿ ತಿಂದು, ಕೈ ತೊಳೆದು,
ಮೀಸೆ ಒರೆಸಿಕೊಂಡ ಮೇಲೆ.

ಪಿಳ್ಳಂಜಿನಪ್ಪ, ಹದಿನೇಳನೇ ವಾರ್ಡು,
ಬಂದವರೇ ಮೈಕು ತಟ್ಟಿದರು.
ಅಜೆಂಡಾದಲ್ಲಿ ಇದ್ದದ್ದು ಚರಂಡಿ.
ಅವರು ಡೆಲ್ಲಿಯಿಂದ ಶುರು ಮಾಡಿದರು:

"ದೇಸಕ್ಕೆ ಸಾಲ ಐತೆ ಅಂತ ಬಾಯಿ ಬಡ್ಕೊಂತಾರೆ.
ಯಾರಿಗಿಲ್ಲ ಸ್ವಾಮಿ? ನಮ್ಮ ಮುಬಾರಕ್ ಪಾಷನಿಗಿಲ್ವಾ?
ಬೆಳಿಗ್ಗೆ ಸಾಲ ತಂದು ಗೂಡು ಕೊಳ್ತಾನೆ,
ನೂಲು ಮಾರಿ ತೀರಿಸ್ತಾನೆ,
ನಡುವೆ ಆರು ಜನ ಹೆಂಗಸರ ಮನೇಲಿ ಒಲೆ ಉರೀತದೆ.
ಅವನು ಮುಳುಗಿದನಾ?
ಬೇಸಿನ್ನು ಕವುಚಿಟ್ಟು ಕೂತವನು ಮುಳುಗಿದ."

ಕೋಪ ಬಂದರೆ ಅವರಿಗೆ ತೆಲುಗು,
ಲೆಕ್ಕ ಬಂದರೆ ಕನ್ನಡ.
ಎರಡೂ ಒಟ್ಟಿಗೆ ಬಂದ ದಿನ
ನಾನು ಪೆನ್ನು ಕೆಳಗಿಡುತ್ತೇನೆ.

"ನಿಂತ ನೀರಲ್ಲಿ ಸೊಳ್ಳೆ, ನಿಂತ ದುಡ್ಡಲ್ಲಿ ಬಡ್ಡಿ,
ಎರಡೂ ರಕ್ತ ಕುಡಿಯೋವೇ.
ಬಿಡ್ಲಿ ಡೆಲ್ಲಿಯವರು, ಕೆಳಕ್ಕೆ ಬಿಡ್ಲಿ!
ಬೆಂದ ಗೂಡಲ್ಲಿ ಎಳೆಯ ತುದಿ ಸಿಕ್ಕರೆ ಸಾಕು,
ಅರ್ಧ ಮೈಲಿ ತಾನಾಗಿ ಬಿಚ್ಕೊಂತದೆ."

"ಬಿಚ್ಚಿದ ಮೇಲೆ ಉಳಿಯೋದು ಸತ್ತ ಹುಳ ಅಲ್ವೇನ್ರಿ?"
ಎದುರು ಸಾಲಿನಿಂದ ಶಕೀಲಾ ಬಾನು.
ಸಭೆ ನಕ್ಕಿತು. ಅವರೂ ನಕ್ಕರು, ಎಲ್ಲರಿಗಿಂತ ಕೊನೆಗೆ.
"ಹುಳಾನೂ ಮೀನಿಗಾಗ್ತದಮ್ಮ. ಯಾವ್ದು ದಂಡ ಹೇಳು."

ನಾನು ಬರೆದದ್ದು:
'ಸದಸ್ಯರು ವಿಷಯವನ್ನು ಸುದೀರ್ಘವಾಗಿ ಚರ್ಚಿಸಿದರು.'

ನನ್ನ ಬೀರುವಿನಲ್ಲಿ ಒಂದು ಕಡತವಿದೆ.
ಗಾಣದ ಬೀದಿ ಮೋರಿಯ ಚಪ್ಪಡಿ ಬದಲಾಯಿಸಿದ್ದು,
ಒಂದು ಲಕ್ಷದ ಎಂಬತ್ತಾರು ಸಾವಿರ.
ಎರಡು ವರ್ಷಕ್ಕೆ ಮೂರು ಬಿಲ್ಲು,
ಮೂರಕ್ಕೂ ಒಂದೇ ಫೋಟೋ,
ಚಪ್ಪಡಿಯ ಮೇಲೆ ಮಲಗಿದ ಅದೇ ನಾಯಿ,
ಬಾಲ ಮೂರರಲ್ಲೂ ಬಲಕ್ಕೆ.
ಆ ದುಡ್ಡೂ ನಿಲ್ಲಲಿಲ್ಲ, ಹರಿಯಿತು.
ಎಲ್ಲಿಗೆ ಅನ್ನುವುದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ.
'ಪರಿಶೀಲಿಸಿದೆ' ಅನ್ನುವ ಕಡೆ ಇರುವುದು ನನ್ನ ಸಹಿ.

ಹೋದ ಯುಗಾದಿಯ ಹಿಂದಿನ ಸಂಜೆ
ಕಸ ಗುಡಿಸುವ ಹೊರಗುತ್ತಿಗೆಯ ಹದಿನಾಲ್ಕು ಹೆಂಗಸರು
ಕಚೇರಿ ಮೆಟ್ಟಿಲ ಮೇಲೆ ಕೂತಿದ್ದರು. ನಾಲ್ಕು ತಿಂಗಳ ಬಾಕಿ.
ಅನುದಾನ ಬೆಂಗಳೂರಲ್ಲಿ ನಿಂತಿದೆ, ಅಂದೆ.
ಬೆಂಗಳೂರಿನದು? ಡೆಲ್ಲಿಯಲ್ಲಿ.
ಡೆಲ್ಲಿಯದು? ಅಂದಳು ಯರ್ರಮ್ಮ.
ಪಿಳ್ಳಂಜಿನಪ್ಪ ತಲೆಯೆತ್ತಿ ಫ್ಯಾನು ನೋಡಿದರು.
ಆಮೇಲೆ ಯಾರಿಗೋ ಫೋನು ಮಾಡಿ
"ಆ ಕಲ್ಲಿಂದು ತಗೊಂಬಾ" ಅಂದರು, ಉಳಿದದ್ದೆಲ್ಲ ತೆಲುಗು.

ತಲೆಗೆ ಎರಡೆರಡು ಸಾವಿರ.
ಯರ್ರಮ್ಮ ಎರಡು ಸಲ ಎಣಿಸಿ
ಎಲೆಯಡಿಕೆ ಚೀಲಕ್ಕೆ ಸೇರಿಸಿ ಕೇಳಿದಳು,
ಇದು ಯಾವ ತಿಂಗಳದು ಸಾಮಿ?
"ಯಾವ್ದಾದ್ರೇನೇ, ಈಗ್ಲೇ ಹೋಗಿ ಕರ್ಚು ಮಾಡು,
ಬೆಲ್ಲದಂಗಡಿ ಮುಚ್ಚೋ ಹೊತ್ತಾಯ್ತು."

ಹದಿನಾಲ್ಕೆರಡಲ ಇಪ್ಪತ್ತೆಂಟು.
ಮೂರು ಬಿಲ್ಲು ಸೇರಿ ಐದು ಲಕ್ಷದ ಐವತ್ತೆಂಟು.
ಕಳೆದು ನೋಡುವುದು ನನಗೆ ನೌಕರಿ ಕಲಿಸಿದ ಚಟ.
ಆ ರಾತ್ರಿ ಮಾತ್ರ ಬೀದಿಯಲ್ಲಿ
ಬೇಳೆ ಬೇಯುವ ವಾಸನೆ ಇತ್ತು,
ಅದನ್ನು ಯಾವ ಬಾಬ್ತಿಗೆ ಹಾಕಲಿ?

ಆಯವ್ಯಯ ಸರ್ವಾನುಮತದಿಂದ ಅಂಗೀಕಾರವಾಯಿತು.
ಬೋಂಡ, ಟೀ: ಸಾವಿರದ ನಾನೂರು.
"ಅದನ್ನೂ ಬರ್ಕೊಳಯ್ಯ," ಬೆನ್ನು ತಟ್ಟಿದರು,
"ಅವನ ಬಾಣಲೇನೂ ದೇಸದೊಳಗೇ ಐತೆ."

ಮನೆಗೆ ಗಾಣದ ಬೀದಿಯಲ್ಲೇ ಹೋಗಬೇಕು.
ಚಪ್ಪಡಿ ನಡುವೆ ಬಿರಿದ ಕಡೆ
ಹಳೇ ಬಾಗಿಲ ಹಲಗೆ ಹಾಸಿದ್ದಾರೆ ಯಾರೋ, ಬಿಲ್ಲಿಲ್ಲದೆ.
ದಾಟುವಾಗ ನಾಯಿ ಒಂದು ಕಣ್ಣು ತೆರೆಯಿತು,
ಫೋಟೋದವನೆಂದುಕೊಂಡಿತೋ ಏನೋ,
ಒಂದು ಸುತ್ತು ತಿರುಗಿ ಮತ್ತೆ ಮಲಗಿತು.
ಬಾಲ ಈ ಸಲ ಎಡಕ್ಕೆ.