ನಾಲ್ಕು ರಾತ್ರಿಗೆ ಕಡಿಮೆ ಇಲ್ಲ

ಅಕ್ಟೋಬರ್ ಬಂತೆಂದರೆ ಬಾಥರ್ಸ್ಟಿನಲ್ಲಿ
ನಾಲ್ಕು ರಾತ್ರಿಯ ಹಾಸಿಗೆಗೆ
ನಮ್ಮ ಬ್ಲ್ಯಾಕ್‌ಟೌನ್ ಮನೆಯ ತಿಂಗಳ ಬಾಡಿಗೆ.
ಊರು ಅದೇ, ಗುಡ್ಡ ಅದೇ, ಚಾದರವೂ ಅದೇ;
ಕಾರುಗಳು ಬರುತ್ತವೆಂದು ಗೊತ್ತಾದ ಕೂಡಲೇ
ದಿಂಬಿಗೂ ಕೋಡು ಮೂಡುತ್ತದೆ.

ಜೂನ್‌ನಿಂದಲೇ ನಮ್ಮ ಊಟದ ಮೇಜಿನ ಮೇಲೆ ನಕ್ಷೆ,
ಹಾರದಂತೆ ಅದರ ಮೇಲೊಂದು ಉಪ್ಪಿನಕಾಯಿ ಭರಣಿ.
ನೀಲಗಂಗಾ ಕನ್ನಡಕ ಏರಿಸಿ
ಒಂದೊಂದೇ ಹೋಟೆಲಿಗೆ ಫೋನು ಹಚ್ಚುತ್ತಾಳೆ.
ನನಗೆ ಈಚೆಗೆ ಫೋನು ಒಗ್ಗುವುದಿಲ್ಲ.

ಲಿತ್‌ಗೋದಲ್ಲಿ ಒಂದು ಕೋಣೆ ಇತ್ತು, ಅಗ್ಗ,
ಗುಡ್ಡಕ್ಕೆ ಅಲ್ಲಿಂದ ಮುಕ್ಕಾಲು ತಾಸು.
ಆರೆಂಜಿನಲ್ಲಿ ಇನ್ನೊಂದು, ತಿಂಡಿ ಉಚಿತ,
ಕಿಟಕಿಯಲ್ಲಿ ದ್ರಾಕ್ಷಿ ತೋಟ.
ನಾನೇನು ದ್ರಾಕ್ಷಿ ನೋಡಲು ಹೊರಟವನೆ?
ಗುಡ್ಡದ ನೆತ್ತಿಯಲ್ಲಿ ಟೆಂಟು ಹಾಕೋಣ ಎಂದೆ.
“ಐವತ್ತೆಂಟಕ್ಕ ಟೆಂಟ?
ನನ್ನ ಮೊಣಕಾಲಿಗೆ ಒಂದ್ ಮಾತ ಕೇಳ್ರಿ ಮೊದಲ.”
ಕೇಳಿದೆ. ಮೊಣಕಾಲು ಒಪ್ಪಲಿಲ್ಲ.

ನಿದ್ದೆಯ ವಿಷಯದಲ್ಲಿ ಅವಳದು ಸೂಜಿಮೊನೆ.
ಗುಂಯ್ಗುಡುತ್ತಿದ್ದ ಫ್ರಿಜ್ಜು ತಟ್ಟನೆ ನಿಂತರೂ
ಎದ್ದು ಕೂರುವವಳು.
ಅದಕ್ಕೇ ನಾನು ಲಿತ್‌ಗೋ ಮೇಲೆ ಬೆರಳಿಟ್ಟೆ.
ನಸುಕಿಗೆ ಎದ್ದರಾಯಿತು, ಥರ್ಮಾಸಿನಲ್ಲಿ ಚಹಾ,
ಮಡಿಲಲ್ಲಿ ಚಪಾತಿ ಸುರುಳಿ.

ಅವಳು ಮಾತಾಡಲಿಲ್ಲ.
ಭರಣಿಯನ್ನು ನನ್ನ ಬೆರಳಿನ ಮೇಲೆ ಸರಿಸಿದಳು.

ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಏಳು ವರ್ಷ,
ಇಲ್ಲಿಯ ಶೆಡ್ಡಿನಲ್ಲಿ ಇಪ್ಪತ್ತಾರು,
ತಗಡು ಬಡಿದೇ ಬಡಿದೆ.
ಕಂಡವರ ಗಾಡಿಗಳ ತಗ್ಗು ತೆಗೆಯುತ್ತ
ತಗ್ಗು ಬಿದ್ದದ್ದು ನನ್ನ ಕಿವಿಗೆ.
ಮೊದಲು ಹಕ್ಕಿಗಳು ಹೋದವು,
ಹೋದದ್ದೂ ತಿಳಿಯಲಿಲ್ಲ.
ಆಮೇಲೆ ಕುಕ್ಕರಿನ ಸೀಟಿ; ಎರಡು ಸಲ ಬೇಳೆ ಸೀದಿತು.
ಈಗ ಅವಳ ಮಾತಿನ ತುದಿಗಳು.
ಡಾಕ್ಟರು ಕೊಟ್ಟ ಹಾಳೆಯಲ್ಲಿ ಗೆರೆಯೊಂದು
ಬಲಕ್ಕೆ ಬಂದಂತೆ ಇಳಿಯುತ್ತ ಹೋಗುತ್ತದೆ,
ಆ ಗುಡ್ಡದ ರಸ್ತೆಯ ಹಾಗೆಯೇ.

ಕೊನೆಗೆ ಸಿಕ್ಕಿತು ಗುಡ್ಡದ ಬುಡದ ಮೋಟೆಲು.
ಯಾರೋ ಕೈಬಿಟ್ಟ ಕೋಣೆ, ಏಳನೇ ನಂಬರು,
ಹಿತ್ತಿಲ ಬೇಲಿ ದಾಟಿದರೆ ರಸ್ತೆಯೇ.
ಒಡತಿ ಮೋರೀನ್ ಎಂಬಾಕೆಯ ದನಿಯನ್ನು
ನನಗಾಗಿ ಸ್ಪೀಕರಿಗೆ ಹಾಕಿದಳು:
ನಾಲ್ಕು ರಾತ್ರಿಗೆ ಕಡಿಮೆ ಇಲ್ಲ, ರೊಕ್ಕ ವಾಪಸ್ಸಿಲ್ಲ,
ನಿದ್ದೆಯ ಭರವಸೆಯಂತೂ ಇಲ್ಲವೇ ಇಲ್ಲ ಕಣಮ್ಮ;
ಬೆಳಿಗ್ಗೆ ಗಾಡಿಗಳು ಶುರುವಾದವೆಂದರೆ
ಲೋಟದೊಳಗಿನ ಹಲ್ಲಿನ ಬ್ರಶ್ಶೂ ಕುಣಿಯುತ್ತದೆ.

“ಅದ ಬೇಕು” ಅಂದಳು ನೀಲಗಂಗಾ, ಕನ್ನಡದಲ್ಲಿ.
ಆ ಕಡೆ ಮೋರೀನ್‌ಗೆ ತಿಳಿಯದೆ ಒಂದು ಗಳಿಗೆ ಮೌನ.
ಆಮೇಲೆ ಇಂಗ್ಲಿಷಿನಲ್ಲಿ, ನಿಧಾನಕ್ಕೆ,
ತನ್ನ ಕಾರ್ಡಿನ ನಂಬರು ಹೇಳಿದಳು.
ಬಳೆಗೆಂದು ಕೂಡಿಸಿಟ್ಟ ರೊಕ್ಕ ಅದು.
ನಾನು ಬಾಯಿ ತೆರೆದೆ. ಕಣ್ಣಲ್ಲೇ ಗದರಿದಳು.

ಗುರುವಾರ ಬೆಳಿಗ್ಗೆ. ಕಿವಿಗೆ ಹತ್ತಿ ತುರುಕಿ,
ಮೇಲೆ ಶಾಲು ಬಿಗಿದು, ಹಲ್ಲುನೋವಿನವಳ ಹಾಗೆ
ಅವಳು ಬಚ್ಚಲ ಬಾಗಿಲಿಗೆ ಆತುಕೊಂಡಿದ್ದಾಳೆ.
ನಾನು ಗಾಜಿನ ಲೋಟದ ಮುಂದೆ ಕಾಯುತ್ತಿದ್ದೇನೆ.

ಬಂತು.
ಮೊದಲು ಅಂಗಾಲಿಗೆ,
ಅಲ್ಲಿಂದ ಮೊಣಕಾಲಿಗೆ, ಪಕ್ಕೆಲುಬಿಗೆ,
ಕಟ್ಟಿಸಿಕೊಂಡ ಹಲ್ಲಿಗೆ.
ಕಿವಿಯನ್ನು ಬಿಟ್ಟು ಎಲ್ಲ ಕಡೆಯಿಂದಲೂ ಬಂತು.
ನನ್ನ ಕೆಂಪು ಬ್ರಶ್ಶು, ಅವಳ ಹಸಿರು ಬ್ರಶ್ಶು
ಒಂದನ್ನೊಂದು ತಾಕುತ್ತ
ಲೋಟದಲ್ಲಿ ಗಿರಕಿ ಹೊಡೆದವು.

ಅವಳ ತುಟಿ ಓದಿದೆ: “ಕೇಳಿಸ್ತೇನ್ರಿ?”
“ನಿನಗ?” ಎಂದೆ.
ಹತ್ತಿಯೊಳಗಿಂದ ಅವಳೂ ನನ್ನ ತುಟಿಯನ್ನೇ ಓದಿ
ನಕ್ಕಳು.
ಮೂರು ಬೆರಳು ಎತ್ತಿ ತೋರಿಸಿದಳು:
ಇನ್ನ ಮೂರ ರಾತ್ರಿ ಐತಿ,
ಸರೀರಿ, ಚಾಕ್ಕ ನೀರ ಇಡ್ತೀನಿ.