ಎತ್ತಿದ ಕಾಲು

ವರ್ಷಕ್ಕೆರಡು ಸಲ ಏಣಿ ಹತ್ತಿ
ಜನರಲ್ ಆರ್ವಿಲ್ ಥ್ಯಾಕ್ಸ್‌ಟನ್ನನ ಮೈ ತೊಳೆಯುತ್ತೇನೆ.
ಪೆನ್ಸಿಲ್ವೇನಿಯಾದ ಈ ಪುಟ್ಟ ಊರಿನ ನಗರಸಭೆ
ನನಗೆ ಕೊಟ್ಟ ಕೆಲಸ:
ಮೊದಲು ಪಾರಿವಾಳದ ಹಿಕ್ಕೆ, ಆಮೇಲೆ ಸೋಪು, ಕೊನೆಗೆ ಮೇಣ.
ಕುದುರೆಯ ಮುಂಗಾಲೊಂದು ನೂರಿಪ್ಪತ್ತು ವರ್ಷದಿಂದ
ಗಾಳಿಯಲ್ಲೇ ಇದೆ,
ಇಡಲೋ ಬೇಡವೋ ಎಂದು
ಅದೂ ಮೀನಮೇಷ ಎಣಿಸುತ್ತಿರುವ ಹಾಗೆ.

ದಕ್ಷಿಣದವರ ಮೇಲೆ ದಂಡೆತ್ತಿ ಹೋದಾಗ
ಅವನ ಬಳಿ ಎಂಬತ್ತು ಸಾವಿರ ಜನ, ಮೂರು ತಿಂಗಳ ರೊಟ್ಟಿ,
ಎದುರಿಗೆ ಮೊಣಕಾಲುಮಟ್ಟದ ಹೊಳೆ.
ಆಚೆ ದಡದ ತೋಪುಗಳನ್ನು ದುರ್ಬೀನಿನಲ್ಲಿ ಎಣಿಸಿದ: ನಲವತ್ತು.
ಮರುದಿನ ಎಣಿಸಿದ: ಅರವತ್ತು.
ಅರ್ಧಕ್ಕರ್ಧ ಕರಿ ಬಳಿದ ಮರದ ದಿಮ್ಮಿ
ಎಂದು ತಿಳಿದದ್ದು ಹನ್ನೆರಡನೆಯ ದಿನ.
ಅಷ್ಟರಲ್ಲಿ ಮಳೆ ಹೊಯ್ದು
ನೀರು ಎದೆಮಟ್ಟಕ್ಕೇರಿತ್ತು.

ನಗಬೇಡಿ.
ನನ್ನ ಮುತ್ತಜ್ಜನ ಅಪ್ಪ ಈಚೆ ದಡದಲ್ಲಿದ್ದ.
ಕಾಲುಚೀಲ ಒಣಗಿಸಿದ, ಇಸ್ಪೀಟಾಡಿದ,
ಹಲ್ಲುನೋವಿನ ಬಗ್ಗೆ ಮನೆಗೆ ಕಾಗದ ಬರೆದ,
ಎರಡೂ ಕಾಲ ಮೇಲೆ ನಡೆದು ಮನೆಗೆ ಬಂದ.
ಊರಿನ ತಾಯಂದಿರೇ ಚಂದಾ ಎತ್ತಿ
ಈ ಕಂಚು ಹೊಯ್ಯಿಸಿದ್ದು.
ತಾಳಿದವನು ಬಾಳಿಯಾನು:
ಆ ಮಾತಿನ ಬಡ್ಡಿ ತಿಂದು ಬೆಳೆದವನು ನಾನು.

ಇವತ್ತು ಚೌಕದಲ್ಲಿ ಪಕ್ಷದ ಸಭೆ,
ಏಣಿಯಿಂದ ಇಳಿಯಲು ಪುರುಸೊತ್ತಾಗಲಿಲ್ಲ.
ರೊವೀನಾ ಹಾಲ್ಸ್‌ಟೆಡ್, ಬೂದು ಕೋಟು, ಚುನಾವಣೆಗೆ ಆರು ವಾರ.
ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ಕೇಳಿದಳು,
'ಹೆರಿಗೆ ಆಸ್ಪತ್ರೆಗೆ ಬೀಗ ಬಿದ್ದಿದೆ. ತೆರೆಸುತ್ತೀರಾ, ಇಲ್ಲವಾ?'
ಪಕ್ಕದ ಹುಡುಗ ಫೋನು ತೋರಿಸಿದ.
ಮೇಲಿನಿಂದ ನನಗೂ ಕಂಡಿತು:
ನಲವತ್ತು. ಬೆರಳಿಂದ ಸರಿಸಿದರೆ, ಅರವತ್ತು.
'ಎಲ್ಲ ಕೋನಗಳಿಂದ ಪರಿಶೀಲಿಸುತ್ತಿದ್ದೇವೆ.'
ಹಾವೂ ಸಾಯದ, ಕೋಲೂ ಮುರಿಯದ ಮಾತು.
ಚಪ್ಪಾಳೆ, ಸಾಕಷ್ಟೇ.

ಸಭೆ ಚದುರಿದ ಮೇಲೆ ಆಕೆ ಏಣಿಯ ಬುಡಕ್ಕೆ ಬಂದಳು.
ಹೆಸರು ಜರೂಷಾ ಪೆಟಿಗ್ರೂ.
'ನಮ್ಮ ಹಿರಿಯಜ್ಜಿ ಆಚೆ ದಡದಲ್ಲಿದ್ದಳು,
ಜೋಳದ ಹೊಲದಲ್ಲಿ, ಗಂಟು ಕಟ್ಟಿಕೊಂಡು.
ಇವನ ಡೇರೆಗಳ ದೀಪ ಕಾಣುತ್ತಿತ್ತಂತೆ.
ದಿನಾ ರಾತ್ರಿ, ಇವತ್ತು ದಾಟುತ್ತಾರೆ, ಇವತ್ತು.
ಹನ್ನೊಂದನೆಯ ದಿನ
ಒಡೆಯ ಅವಳ ಮಗನನ್ನು ಮಾರಿದ.'

ಅಷ್ಟೇ ಹೇಳಿ ಬಸ್ಸಿಗೆ ಹೊರಟಳು.

ಮೇಣದ ಬಟ್ಟೆ ಕೈಯಲ್ಲೇ ಉಳಿಯಿತು.
ಎಂದೂ ಒರೆಸದ ಜಾಗಕ್ಕೆ ಬಗ್ಗಿದೆ:
ಎತ್ತಿದ ಗೊರಸಿನ ಅಡಿಯಲ್ಲಿ
ಕಣಜಗಳು ಗೂಡು ಕಟ್ಟಿವೆ,
ತುಂಬು ಸಂಸಾರ, ಸಣ್ಣಗೆ ಗುಂಯ್‌ಗುಡುತ್ತ.
ಕಡ್ಡಿ ಹಾಕಿದರೆ ಏಳುತ್ತವೆ.
ಬಿಟ್ಟರೆ ಚೌಕದ ಮಕ್ಕಳಿಗೆ ಕಚ್ಚುತ್ತವೆ.

ನಾಳೆ ನೋಡೋಣ ಎಂದುಕೊಂಡು
ಏಣಿ ಮಡಚಿದೆ.